ಕಂಬಳಿಗೆ ಹತ್ತದ ಬಿಳಿ

ಪರದೆ ಬರೆಯುವ ಕೆಲಸ ಕಲಿಯಬೇಕೆಂದು ಈಗಲೂ ಒಬ್ಬಿಬ್ಬರು ಹುಡುಗರು ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಅರಮನೆಯ ಕಂಬ ಹೇಗೆ ಎತ್ತಬೇಕು, ಕಾಡಿನ ದಾರಿ ದೂರ ಹೋದಂತೆ ಹೇಗೆ ಕಾಣಿಸಬೇಕು ಎಂದು ಕೇಳುತ್ತಾರೆ. ಬಿಳಿಯ ಬಗ್ಗೆ ಮಾತ್ರ ಒಬ್ಬನೂ ಕೇಳಿದ್ದಿಲ್ಲ. ಡಬ್ಬಿಯ ಮುಚ್ಚಳ ತೆಗೆದರೆ ಬಿಳಿ ಸಿಗುತ್ತದೆ ಎಂದು ತಿಳಿದಿದ್ದಾರೆ. ನನಗೆ ಸಿಟ್ಟು ಬರುತ್ತದೆ. ನನ್ನ ಅರ್ಧ ಆಯುಷ್ಯ ಹೋದದ್ದೇ ಬಿಳಿಯಲ್ಲಿ. ಕೆಂಪು ತಪ್ಪಿದರೆ ಜನ ನಗುತ್ತಾರೆ, ಅಷ್ಟೇ. ಬಿಳಿ ತಪ್ಪಿದ್ದರೆ ಒಬ್ಬ ಮನುಷ್ಯನ ಉಳಿದ ಒಂದು ಕಣ್ಣೂ ಹೋಗುತ್ತಿತ್ತು. ಆ ಸಂಗತಿಯನ್ನು ಬರೆದಿಡುತ್ತೇನೆ. ಶಾಲು ಹೊದಿಸಿಕೊಂಡದ್ದು, ಹಾರ ಹಾಕಿಸಿಕೊಂಡದ್ದು ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಸ್ವಾತಂತ್ರ್ಯ ಬಂದ ವರ್ಷ ನಾನು ಗೋಕಾಕದಲ್ಲಿ ಗಣಪತ ಮಾಸ್ತರರ ಕೈಕೆಳಗೆ ಸೇರಿದೆ. ಅದಕ್ಕೆ ಮೊದಲು ಮನೆಗಳಿಗೆ ಸುಣ್ಣ ಹಚ್ಚುತ್ತಿದ್ದೆ, ಮದುವೆಯೂ ಆಗಿತ್ತು. ಮಾಸ್ತರರು ಸುತ್ತಿನ ನಾಟಕ ಕಂಪನಿಗಳಿಗೂ ಪೇಟೆಯ ಫೋಟೋ ಸ್ಟುಡಿಯೋಕ್ಕೂ ಪರದೆ ಬರೆದುಕೊಡುತ್ತಿದ್ದರು. ಕೈ ಬಂಗಾರ, ಬಾಯಿ ಬ್ಯಾಡಗಿ ಮೆಣಸಿನಕಾಯಿ. ತಾವು ತಪ್ಪಿದಾಗಲೂ ಬೈಸಿಕೊಳ್ಳುವವರು ನಾವೇ.

ಸೇರಿದ ಹೊಸದರಲ್ಲೇ ಒಂದು ಸಾಲೆಯವರು ವೇದಿಕೆಯ ಹಿಂದೆ ಕಟ್ಟಲು ಧ್ವಜದ ದೊಡ್ಡ ಪರದೆ ಬೇಕೆಂದರು. ಮೂರು ಪಟ್ಟೆ ಬಳಿಯುವುದು ಎಷ್ಟರ ಕೆಲಸ ಎಂದುಕೊಂಡೆವು. ಬಿಳಿಗೆ ಬೇಕಾದ ಖಡಿಪುಡಿ, ಎಂದರೆ ಸೀಮೆಸುಣ್ಣದ ಪುಡಿ, ಮುಗಿದಿತ್ತು. ಮಾಸ್ತರರು, "ಸುಣ್ಣಾನ ಹಚ್ಚು, ಒಂದ ದಿನದ ಮಾತು" ಎಂದರು.

"ಮಾಸ್ತರ, ಸುಣ್ಣ ಬಣ್ಣಾ ಸುಡತೈತ್ರಿ," ಎಂದೆ.

"ಗ್ವಾಡಿ ಬಳಿಯಾಂವ ನನಗ ಕಲಸ್ತಿ ಏನಲೇ?"

ಹಚ್ಚಿದೆ. ಬೆಳಿಗ್ಗೆ ಸಾಲೆಯ ವೇದಿಕೆಗೆ ಕಟ್ಟಿ ನೋಡಿದರೆ ಹಸಿ ಸುಣ್ಣ ಕೆಳಗಿನ ಹಸಿರಿನೊಳಗೆ ಇಳಿದು ಅಂಚಿನುದ್ದಕ್ಕೂ ತುಕ್ಕಿನ ಬಣ್ಣ ಮಾಡಿತ್ತು. ಆ ಕಡೆಯಿಂದ ಮಕ್ಕಳ ಪ್ರಭಾತಫೇರಿ ಬರುವ ಸದ್ದು ಕೇಳುತ್ತಿತ್ತು. ನಾನೂ ಮಾಸ್ತರರೂ ಓಡಿ ಬೇವಿನ ಟೊಂಗೆ ಮುರಿದು ತಂದು ಆ ಅಂಚಿನುದ್ದಕ್ಕೂ ತೋರಣ ಕಟ್ಟಿದೆವು. ಹೆಡ್ ಮಾಸ್ತರರು ಬಂದವರೇ ಅಲಂಕಾರ ಬಲು ಚಲೋ ಆಗಿದೆ ಎಂದು ಹೊಗಳಿದರು. ತಿರುಗಿ ಬಂದ ಮೇಲೆ ಮಾಸ್ತರರು ನನ್ನ ಸುಣ್ಣದ ಗಡಿಗೆಯನ್ನು ಬೀದಿಗೆ ಎಸೆದು, "ಇನ್ನ ಈ ಅಂಗಡ್ಯಾಗ ಸುಣ್ಣರ ಇರಬೇಕು, ನಾನರ ಇರಬೇಕು" ಎಂದರು, ಅದನ್ನು ಹಚ್ಚಬೇಕೆಂದು ಹಟ ಹಿಡಿದವನು ನಾನೇ ಎಂಬಂತೆ.

ಹಾಗಾದರೆ ಬಿಳಿ ಯಾವುದು? ಖಡಿಪುಡಿಯನ್ನು ನೀರಲ್ಲಿ ನೆನೆಸಿ, ಕಲ್ಲಿನ ಮೇಲೆ ಬೆಣ್ಣೆಯಂತೆ ಅರೆದು, ಅದಕ್ಕೆ ಸರಸು ಬೆರೆಸಿದ್ದು ನಮ್ಮ ಬಿಳಿ. ಸರಸು ಎಂದರೆ ದನದ ಚರ್ಮ, ಎಲುಬು ಕುದಿಸಿ ತೆಗೆದ ಅಂಟು. ಖಡಿ ತಾನಾಗಿ ಬಟ್ಟೆಯನ್ನು ಹಿಡಿಯುವುದಿಲ್ಲ, ಅಂಟು ಹಿಡಿಸುತ್ತದೆ. ಸರಸು ಹೆಚ್ಚಾದರೆ ಪರದೆ ಸುತ್ತಿದಾಗ ಬಿಳಿ ಬಿರಿದು ಹಪ್ಪಳದಂತೆ ಏಳುತ್ತದೆ. ಕಡಿಮೆಯಾದರೆ ಪರದೆ ಬಿಟ್ಟಾಗಲೆಲ್ಲ ಪುಡಿ ಉದುರುತ್ತದೆ. ಹದವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿ ನೋಡಬೇಕು, ಬೇರೆ ದಾರಿಯಿಲ್ಲ.

ನಮಗೆ ಸರಸು ಕೊಡುತ್ತಿದ್ದವನು ನಾಗನೂರಿನ ಲಕ್ಷ್ಮಣ. ಅವನ ಮನೆತನದ್ದು ಚರ್ಮದ ಕೆಲಸ. ನನಗಿಂತ ಹಿರಿಯ, ಆದರೂ ಎಲ್ಲರೂ ಅವನನ್ನು ಲಕ್ಷ್ಯಾ ಎಂದೇ ಕರೆಯುತ್ತಿದ್ದರು, ನಾನೂ ಕರೆದೆ. ಎಲೆಯಲ್ಲಿ ಕಟ್ಟಿದ ಸರಸನ್ನು ಹೊಸ್ತಿಲ ಮೇಲಿಟ್ಟು ಅಂಗಳದಲ್ಲಿ ನಿಲ್ಲುತ್ತಿದ್ದ. ಅವನ ಸರಸಿನಲ್ಲಿ ಹೊಗೆಯ ಕಲೆ ಇರುತ್ತಿರಲಿಲ್ಲ, ಬಿಳಿ ಕೆಡುತ್ತಿರಲಿಲ್ಲ. ಅಷ್ಟು ವರ್ಷ ಅವನು ತಂದ ಅಂಟಿನಿಂದ ಅರಮನೆ, ದೇವಲೋಕಗಳನ್ನೆಲ್ಲ ಬರೆದೆವು. ಅವನು ಒಂದು ದಿನವೂ ಒಳಗೆ ಬಂದು ನೋಡಲಿಲ್ಲ. ನಾವೂ ಬಾ ಎನ್ನಲಿಲ್ಲ.

ಸ್ಟುಡಿಯೋದ ಬಿಳಿ ಇನ್ನೊಂದು ತಲೆನೋವು. ಪೇಟೆಯ ಫೋಟೋ ಕಾಕಾ ಗಾಜಿನ ಮಾಡಿನ ಕೋಣೆಯಲ್ಲಿ ಹಗಲು ಬೆಳಕಿನಿಂದಲೇ ಫೋಟೋ ತೆಗೆಯುತ್ತಿದ್ದರು. ಹಾಲಿನಂಥ ಬಿಳಿ ಪರದೆ ಬೇಕೆಂದು ಹಟ ಮಾಡಿ ಬರೆಸಿಕೊಂಡರು. ಅದರ ಮುಂದೆ ನಿಲ್ಲಿಸಿದ ಮದುಮಕ್ಕಳ ಮುಖ ಇಜ್ಜಲಿನಂತೆ ಕಪ್ಪಾಗಿ ಬಂತು, ಪರದೆ ಮಾತ್ರ ಫಳಫಳ ಹೊಳೆಯಿತು. ಬೀಗರು ಜಗಳಕ್ಕೆ ನಿಂತರು. ಮಾಸ್ತರರು ಬಿಳಿಗೆ ದೀಪದ ಮಸಿ ಬೆರೆಸಿ ಮತ್ತೆ ಬಳಿಸಿದರು. ಕಣ್ಣಿಗೆ ಮಬ್ಬಾಗಿ ಕಾಣುವುದು ಕಾಗದದ ಮೇಲೆ ಬೆಳ್ಳಗೆ ಬರುತ್ತದೆ, ಮುಖ ಮುಖದಂತೆ ಬರುತ್ತದೆ. ಸ್ಟುಡಿಯೋದಲ್ಲಿ ಬಿಳಿ ನೋಡುವವನು ಬಟ್ಟೆಯನ್ನಲ್ಲ, ಮುಂದೆ ಯಾರು ನಿಲ್ಲುತ್ತಾರೆ ಎಂಬುದನ್ನು ನೋಡಬೇಕು. ಈ ಮಾತು ಮುಂದೆ ನನಗೆ ಬೇಕಾಯಿತು.

ಈಗ ಕಂಪನಿಯ ಮಾತು. ಕರ್ನಾಟಕ ಒಂದಾದ ಮೇಲಿನ ವರ್ಷಗಳು. ಒಂದು ನಾಟಕ ಕಂಪನಿ ಗೋಕಾಕದಲ್ಲಿ ಬಿಡಾರ ಮಾಡಿತ್ತು, ಮುಂದಿನ ಮುಕ್ಕಾಮು ಹುಕ್ಕೇರಿ. ಮಾಲಕರ ಹೆಸರು ವೀರಪ್ಪ. ಅವರೇ ಶಿವನ ಪಾತ್ರ ಮಾಡುವವರು. ದಿನಾ ಲಿಂಗಪೂಜೆ ಮಾಡಿ ವಿಭೂತಿ ಹಚ್ಚಿದ ಹೊರತು ಬಾಯಿಗೆ ನೀರು ಹಾಕದವರು. ಹೊಸ ನಾಟಕಕ್ಕೆ ಕೈಲಾಸದ ಪರದೆ ಬೇಕಾಗಿತ್ತು, ಮೇಲಿಂದ ಕೆಳಗಿನವರೆಗೆ ಹಿಮ. ಆ ಹಿಮದ ಕೆಳಗೆ ಶಿವ ಕಣ್ಣು ತೆರೆದು ಧ್ಯಾನಕ್ಕೆ ಕೂತಿರಬೇಕು, ಅವನ ಹಿಂದೆ ಆ ಪರದೆ ಮೇಲಿಂದ ಇಳಿಯುತ್ತಲೇ ಮುಂದಿನ ಪರದೆ ಏಳಬೇಕು.

ವೀರಪ್ಪನವರ ಎಡಗಣ್ಣು ಕಾಣುತ್ತಿರಲಿಲ್ಲ. ಹರೆಯದಲ್ಲಿ ಬೇರೊಂದು ಕಂಪನಿಯಲ್ಲಿದ್ದಾಗ ಯಾರೋ ಸುಣ್ಣದಿಂದ ಬಳಿದ ಪರದೆ ಮೇಲಿಂದ ಬಿಟ್ಟರು, ಪುಡಿ ಕಣ್ಣಿಗೆ ಬಿತ್ತು, ನೋಡುತ್ತ ನೋಡುತ್ತ ಕಣ್ಣು ಹೋಯಿತು. ಅಂದಿನಿಂದ ಅವರದೊಂದು ಪದ್ಧತಿ. ಹೊಸ ಪರದೆ ಬಂದರೆ ಕರಿ ಕಂಬಳಿ ಹೊದ್ದು ತಾವೇ ಅದರ ಕೆಳಗೆ ಕೂಡುವರು. ಮೇಲಿಂದ ಪರದೆಯನ್ನು ಧಡ್ಡನೆ ಬಿಡಬೇಕು. ಕಂಬಳಿಯ ಮೇಲೆ ಬಿಳಿ ಚುಕ್ಕೆ ಬಿದ್ದರೆ ಆ ಪರದೆ ಹೊರಗೆ. ನಾವು ಪೇಂಟರ ಮಂದಿ ಆ ಕಂಬಳಿಯನ್ನು ಕಂಡರೆ ಪರೀಕ್ಷೆಗೆ ಕೂತ ಹುಡುಗರಂತೆ ಬೆವರುತ್ತಿದ್ದೆವು.

ಒಂದು ಮುಂಜಾನೆ ಸರಸು ಕರಗಿಸುತ್ತಿದ್ದಾಗ ವೀರಪ್ಪನವರು ಹೇಳದೆ ಕೇಳದೆ ಒಳಗೆ ಬಂದರು. ಮೂಗು ಮುಚ್ಚಿಕೊಂಡರು. "ಏನ್ರಿ ಇದು ವಾಸನಿ?"

ಮಾಸ್ತರರಿಗೆ ಸುಳ್ಳು ಬರುತ್ತಿರಲಿಲ್ಲ. "ಸರಸ ರಿ. ಅದರಿಂದನ ಬಿಳಿ ಹಿಡಿಯೂದು."

"ಯಾತರಿಂದ ಮಾಡ್ತಾರ ಸರಸ?"

ಮಾಸ್ತರರು ಹೇಳಿದರು. ವೀರಪ್ಪನವರು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು. ಪ್ರತಿ ಆಟಕ್ಕೆ ಮೊದಲು ಪರದೆಗೆ ಆರತಿ ಎತ್ತುವವರು ಅವರೇ. ಅಷ್ಟು ವರ್ಷ ತಾವು ಯಾವುದಕ್ಕೆ ಆರತಿ ಎತ್ತುತ್ತ ಬಂದಿದ್ದರು ಎಂಬುದು ಅವರಿಗೆ ಆಗ ತಿಳಿಯಿತು. ಅದೇ ಹೊತ್ತಿಗೆ ಲಕ್ಷ್ಮಣ ಗಂಟು ಹಿಡಿದು ಅಂಗಳಕ್ಕೆ ಬಂದ.

"ಕೈಲಾಸಕ್ಕ ಚರ್ಮ ಹಚ್ಚತೀರಿ? ಆ ಗಂಟು ಈ ಹೊಸ್ತಲಾ ದಾಟಬಾರದು," ಎಂದು ವೀರಪ್ಪನವರು ಕೂಗಿದರು. ಲಕ್ಷ್ಮಣ ಗಂಟನ್ನು ಬಗಲಿಗೆ ಸೇರಿಸಿ ಹೋದ. ನನಗೆ ಅವನನ್ನು ಕರೆಯಬೇಕೆನಿಸಿತು. ಕರೆಯಲಿಲ್ಲ, ಸರಸಿನ ಪಾತ್ರೆಯನ್ನು ಒಲೆಯಿಂದ ಇಳಿಸಿದೆ.

ಮಾಸ್ತರರು ಜಾಲಿಗಿಡದ ಅಂಟಿನಿಂದ ಮಾಡೋಣ ಎಂದರು. ಕಷ್ಟಪಟ್ಟು ಅಂಟು ಕೂಡಿಸಿ, ನೆನೆಸಿ, ಸೋಸಿ, ಬಿಳಿ ಕಲಸಿ ಹಚ್ಚಿದೆವು. ಒಣಗಿದಾಗ ಹಿಮ ಕಣ್ಣಿಗೆ ಹಬ್ಬವಾಗಿತ್ತು. ವೀರಪ್ಪನವರು ಕಂಬಳಿ ಹೊದ್ದು ಕೂತರು. ನಾನು ಮೇಲಿಂದ ಹಗ್ಗ ಬಿಟ್ಟೆ. ಪರದೆ ಬಿಚ್ಚಿಕೊಂಡು ಬಂದು ಕೆಳಗಿನ ಬಿದಿರು ನೆಲಕ್ಕೆ ಬಡಿಯಿತು, ಅದರೊಡನೆ ಬಿಳಿ ಧೂಳಿನ ಒಂದು ಮೋಡವೇ ಇಳಿಯಿತು. ಕಂಬಳಿ ಬೆಳ್ಳಗಾಯಿತು. ವೀರಪ್ಪನವರ ಹುಬ್ಬಿನ ಮೇಲೂ ಪುಡಿ. ಅವರು ಧೋತರದ ಚುಂಗಿನಿಂದ ಬಲಗಣ್ಣು ಒತ್ತಿಕೊಂಡು ಬಹಳ ಹೊತ್ತು ಹಾಗೇ ಕೂತರು.

"ಕಾಣಸ್ತೈತೇನ್ರಿ?" ಎಂದು ನಾನು ಮೇಲಿಂದಲೇ ಕೂಗಿದೆ.

"ಕಾಣಸ್ತೈತಿ," ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ಆ ನಾಗನೂರಾಂವನ್ನ ಕರ್ಕೊಂಡ ಬಾರಪಾ. ಕಣ್ಣ ಹೋದ್ರ ಲಿಂಗಾ ಹೆಂಗ ನೋಡ್ಲಿ," ಎಂದರು.

ಹುಕ್ಕೇರಿಯ ಆಟಕ್ಕೆ ಒಂದು ವಾರವಿತ್ತು. ಡಂಗುರ ಹೊಡೆಸಿಯಾಗಿತ್ತು. ನಾನು ಸೈಕಲ್ ಹತ್ತಿ ನಾಗನೂರಿಗೆ ಹೋದೆ. ಲಕ್ಷ್ಮಣನ ಅಂಗಳದಲ್ಲಿ ಆ ವಾಸನೆಯೇ ಇರಲಿಲ್ಲ. ಸರಸು ಕುದಿಸುವ ದೊಡ್ಡ ಕಡಾಯಿ ಬೋರಲು ಬಿದ್ದಿತ್ತು, ಅದರ ಕೆಳಗೆ ಕೋಳಿಮರಿಗಳು ಓಡಾಡುತ್ತಿದ್ದವು. ಗೋಡೆಗೆ ಹೊಸದಾಗಿ ಸುಣ್ಣ ಹಚ್ಚಿತ್ತು, ಬಾಗಿಲ ಮೇಲೆ ಬುದ್ಧನ ಚಿತ್ರವಿತ್ತು.

"ನಾವು ಬೌದ್ಧ ಆಗೇವಿ," ಎಂದ ಲಕ್ಷ್ಮಣ. "ಆ ಕೆಲಸಾ ಬಿಟ್ಟೇವಿ. ಅವತ್ತ ನಿಮ್ಮಲ್ಲಿಗೆ ತಂದಿದ್ದ ಕಡೀದು. ಅದನ್ನೂ ಹಳ್ಳಕ್ಕ ಚೆಲ್ಲಿ ಬಂದೆ."

ನಾನು ಮಾಲಕರ ಕಣ್ಣಿನ ಕಥೆ ಹೇಳಿದೆ. ಒಂದೇ ಒಂದು ಸಲ ಒಲೆ ಹೊತ್ತಿಸು ಎಂದು ಬೇಡಿಕೊಂಡೆ. ಅವನ ಮುಖ ಬಾಡಿತು. ಹೆಂಡತಿ ಕಸ್ತೂರವ್ವ ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು.

"ಕಣ್ಣಿನ ಮಾತು ಕೇಳಿದ್ರ ನನಗೂ ಹೊಟ್ಟಿ ಚುರ್ ಅಂತೈತ್ರಿ. ಆದ್ರ ಇವತ್ತ ನಿಮಗಂತ ಒಲಿ ಹಚ್ಚಿದ್ನಿ ಅಂದ್ರ, ನಾಳಿ ಸತ್ತ ಎಮ್ಮಿ ಎಳೀ ಬಾ ಅಂತ ಊರಾನ ಮಂದಿ ಬರತಾರ. ಅವರಿಗೆ ಒಲ್ಲೆ ಅಂದು ನಿಮಗ ಹೂಂ ಅಂದ್ರ ಹೆಂಗಾಗತೈತಿ? ನನ್ನ ಮಗಳ ಕೈಗೆ ಆ ವಾಸನಿ ಹತ್ತಬಾರದ್ರಿ."

ನನಗೆ ಸಿಟ್ಟು ಬಂತು. ಸೈಕಲ್ ತಿರುಗಿಸಿ ಅರ್ಧ ದಾರಿ ಬರುವವರೆಗೂ ಅವನನ್ನು ಬೈಯುತ್ತಲೇ ಬಂದೆ. ಉಳಿದರ್ಧ ದಾರಿಯಲ್ಲಿ ಬೈಯಲು ಆಗಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳು ಎಲ್ಲಿತ್ತು?

ಸುದ್ದಿ ಕೇಳಿ ಮಾಸ್ತರರು, "ಹೋಗ್ಲಿ ಬಿಡ್ರಿ, ಬೆಳಗಾವಿ ಬಜಾರದಾಗ ಬೇಕಾದಷ್ಟ ಸರಸ ಸಿಗತೈತಿ," ಎಂದರು. ವೀರಪ್ಪನವರು ತಲೆ ಅಲ್ಲಾಡಿಸಿದರು.

"ಕುದಿಸಾಂವನ ಬ್ಯಾಡಂದ. ಅಂವಾ ಬಿಟ್ಟದ್ದಕ್ಕ ನಾ ಆರತಿ ಎತ್ತಲ್ಯಾ? ಬ್ಯಾರೆ ಏನರ ಮಾಡ್ರಿ. ಏನ ಮಾಡ್ತೀರಿ ಮಾಡ್ರಿ, ಅದರ ಕೆಳಗ ಕುಂಡ್ರಾಂವ ನಾನ."

ಇದೇನು ಮಾತು! ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹೀಗೆ ಕಣ್ಣನ್ನೇ ತಂದು ನಮ್ಮ ಕೈಯಲ್ಲಿಟ್ಟರೆ ಏನು ಮಾಡುವುದು? ಮಾಸ್ತರರು ಊಟ ಬಿಟ್ಟರು. ನಾನು ಕೆಲಸವಿಲ್ಲದೆ ಅಂಗಳದಲ್ಲಿ ಆ ಕರಿ ಕಂಬಳಿಯನ್ನು ಹಗ್ಗದ ಮೇಲೆ ಹಾಕಿ ಕೋಲಿನಿಂದ ಬಡಿಯುತ್ತ ನಿಂತೆ. ನಮ್ಮ ಬಿಳಿಯೆಲ್ಲ ಹಾರಿಹೋಯಿತು. ಕಂಬಳಿ ಮಾತ್ರ ಹಲಗೆಯಂತೆ ಸೆಟೆದೇ ನಿಂತಿತ್ತು. ಹೊಸ ಕಂಬಳಿಗೆ ಏನೋ ಅಂಟು ಕುಡಿಸಿರುತ್ತಾರೆ ಎಂಬುದು ಗೊತ್ತಿತ್ತು. ಇಷ್ಟು ಬಡಿದರೂ ಅದು ಪುಡಿಯಾಗಿ ಉದುರಲಿಲ್ಲ, ಬಿರಿಯಲೂ ಇಲ್ಲ. ಕೋಲು ಬಿಸಾಕಿ ಒಳಗೆ ಓಡಿದೆ.

"ಮಾಲಕ್ರ, ಈ ಕಂಬಳಿ ಎಲ್ಲೀದ್ರಿ?"

"ಮೂಡಲಗಿ ಸಿದ್ದವ್ವಂದು. ಯಾಕ?"

ಸಿದ್ದವ್ವ ಕುರುಬರ ಮುದುಕಿ. ನಾನು ಮೂಡಲಗಿಗೆ ಹೋದಾಗ ಅಂಗಳದಲ್ಲಿ ಕಂಬಳಿ ಹಾಸಿ ಗಂಜಿ ಉಜ್ಜುತ್ತಿದ್ದಳು. ಹುಣಸೆಬೀಜದ ಗಂಜಿ. ನಾನು ಬಂದ ಕಾರಣ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಕುರುಬರ ಗಂಜೀ ಹಚ್ಚಿ ಕೈಲಾಸಾ ಮಾಡ್ತಿ ಏನೋ ತಮ್ಮಾ? ಹಂಗಾದ್ರ ನಮ್ಮ ಕುರಿಗೋಳೂ ಅಲ್ಲೇ ಮೇಯ್ಲಿ ಬಿಡು!"

"ಹಿಡೀತೈತೇನ್ ಹೇಳ ಕಾಕಿ, ಮನಷ್ಯಾನ ಕಣ್ಣ ಅದರ ಮ್ಯಾಲ ಐತಿ."

ಕಣ್ಣು ಎಂದದ್ದೇ ತಡ, ಮುದುಕಿಯ ನಗು ನಿಂತಿತು. ಬೀಜ ನೆನೆಸಿ, ಅರೆದು, ಗಂಜಿ ಕಾಯಿಸುವುದನ್ನು ಎದುರಿಗೆ ಕೂರಿಸಿಕೊಂಡು ತೋರಿಸಿದಳು. ನಾನು ಬಂದು ಹಾಗೇ ಮಾಡಿದೆ. ಹಿಡಿಯಿತು. ಆದರೆ ಹಿಮ ಒಣಗಿದಾಗ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಕರಿ ಕಂಬಳಿಗೆ ಹಚ್ಚುವವರಿಗೆ ಗಂಜಿಯ ಬಣ್ಣದ ಚಿಂತೆ ಎಲ್ಲಿಯದು, ಸಿದ್ದವ್ವ ಸಿಪ್ಪೆಯನ್ನೂ ಕೂಡಿಸಿಯೇ ಅರೆಯುತ್ತಿದ್ದಳು. ಮಾಸ್ತರರು ನೋಡಿ, "ಇದು ಕೈಲಾಸ ಅಲ್ಲ, ಸಂಕೇಶ್ವರದ ಬೆಲ್ಲದ ಪ್ಯಾಟಿ," ಎಂದರು. ಬಟ್ಟೆಯನ್ನೆಲ್ಲ ತೊಳೆದು ಮತ್ತೆ ಬಿಗಿದೆವು. ಬೀಜವನ್ನು ಮರಳಲ್ಲಿ ಹುರಿದು, ಕುಟ್ಟಿ, ಕೆಂಪು ಸಿಪ್ಪೆಯ ಒಂದು ಚೂರೂ ಉಳಿಯದಂತೆ ಕೇರಿದೆವು. ಹುರಿದದ್ದು ಹೆಚ್ಚಾದರೂ ಹಳದಿ. ಒಂದು ಬುಟ್ಟಿ ಬೀಜ ಹಾಗೇ ಕೆಟ್ಟಿತು. ಬೂಷ್ಟು ಹಿಡಿಯದಿರಲೆಂದು ಮಾಸ್ತರರು ಗಂಜಿಗೆ ಪಟಿಕದ ಪುಡಿ ಹಾಕಿದರು. ಕೊನೆಯ ಕೈ ಹಚ್ಚಿ ಮುಗಿಸಿದಾಗ ಕಂಪನಿಯ ಸಾಮಾನೆಲ್ಲ ಹುಕ್ಕೇರಿಗೆ ಹೋಗಿಯಾಗಿತ್ತು. ಪರದೆಯನ್ನು ಸುತ್ತಿ ಬಸ್ಸಿನ ಮೇಲೆ ಹಾಕಿಕೊಂಡು ನಾವಿಬ್ಬರೂ ಹೊರಟೆವು. ದಾರಿಯುದ್ದಕ್ಕೂ ಬಸ್ಸು ತಗ್ಗಿಗೆ ಬಿದ್ದಾಗಲೆಲ್ಲ ಮಾಸ್ತರರು ಮೇಲೆ ನೋಡುತ್ತಿದ್ದರು.

ಆಟದ ದಿನ ಮಧ್ಯಾಹ್ನ ಹುಕ್ಕೇರಿಯ ತಗಡಿನ ಥೇಟರಿನಲ್ಲಿ ವೀರಪ್ಪನವರು ಕಂಬಳಿ ಹೊದ್ದು ಕೂತರು. ನಟರು, ಪೇಟಿ ನುಡಿಸುವವರು, ಅಡುಗೆಯವರು ಸುತ್ತ ನಿಂತರು. ಇದು ಉದುರಿದರೆ ಆಟವಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಮಾಲಕರು ಮೊದಲಿನಂತೆ ತಲೆ ಬಗ್ಗಿಸಿ ಕೂಡಲಿಲ್ಲ. ಮುಖ ಮೇಲೆತ್ತಿ ಬಲಗಣ್ಣು ತೆರೆದು ನನ್ನನ್ನೇ ನೋಡಿದರು.

"ಕಣ್ಣ ಮುಚ್ರಿ ಮಾಲಕ್ರ!"

"ಆಟದಾಗ ಮುಚ್ಚಾಂಗಿಲ್ಲಲ್ಲ. ಬಿಡು."

ಹಗ್ಗ ನನ್ನ ಅಂಗೈಯಲ್ಲಿ ಬೆವರಿಗೆ ಜಾರುತ್ತಿತ್ತು. ಬಿಡಲು ಮನಸ್ಸು ಬರಲಿಲ್ಲ. ಕೆಳಗಿನಿಂದ ಮಾಸ್ತರರು, "ಬಿಡಲೇ!" ಎಂದು ಗದರಿದ ಮೇಲೆ ಬಿಟ್ಟೆ. ಪರದೆ ಸರಸರ ಇಳಿದು ಧಡ್ಡೆಂದಿತು. ಕೈಲಾಸ ಅವರ ಹಿಂದೆ ನಿಂತಿತು. ವೀರಪ್ಪನವರು ಎದ್ದು ಬಿಸಿಲಿಗೆ ಹೋಗಿ ಕಂಬಳಿ ಬಿಚ್ಚಿ ಹಿಡಿದರು, ಹಿಂದೆ ಮುಂದೆ ತಿರುಗಿಸಿ ನೋಡಿದರು. ಕರಿ ಕಂಬಳಿ ಕರಿಯಾಗಿಯೇ ಇತ್ತು. ಗಣಪತ ಮಾಸ್ತರರು ರಂಗದ ಮೆಟ್ಟಿಲ ಮೇಲೆ ಕೂತು ಗಳಗಳ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ಸಂಜೆ ಆರತಿ ಎತ್ತುವಾಗ ವೀರಪ್ಪನವರು ಪರದೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು, ಆ ಬಲಗಣ್ಣಿಗೇ.

ಕಥೆ ಇಲ್ಲಿಗೆ ಮುಗಿಯಿತೆಂದು ನಾನು ತಿಳಿದಿದ್ದೆ. ಮರುವರ್ಷ ಲಕ್ಷ್ಮಣ ಫೋಟೋ ಕಾಕಾನ ಸ್ಟುಡಿಯೋಕ್ಕೆ ಬಂದ. ನಾನು ಅಲ್ಲಿ ಹಳೆಯ ಪರದೆಯ ಹರಕು ಮುಚ್ಚುತ್ತಿದ್ದೆ. ಹೆಂಡತಿ ಮಗಳ ಜೊತೆ ಒಂದು ಫೋಟೋ ಬೇಕಿತ್ತು ಅವನಿಗೆ. ಬೌದ್ಧರಾದಾಗ ಉಟ್ಟ ಬಿಳಿ ಬಟ್ಟೆಯನ್ನೇ ಮೂವರೂ ಉಟ್ಟುಕೊಂಡು ಬರುತ್ತೇವೆ ಎಂದ. ಬಿಳಿ ಪರದೆಯ ಮುಂದೆ ಬಿಳಿ ಬಟ್ಟೆ ಕಾಣುವುದಿಲ್ಲ, ಬಣ್ಣದ್ದು ಉಟ್ಟು ಬಾ ಎಂದು ಕಾಕಾ ಹೇಳಿದರು.

"ಬಿಳೀದ ಉಡಬೇಕ್ರಿ," ಎಂದ ಲಕ್ಷ್ಮಣ. ಆಮೇಲೆ ನನ್ನ ಕಡೆ ತಿರುಗಿ, "ಈ ಪರದ್ಯಾಗ ಸರಸ ಐತೇನ್ರಿ?" ಎಂದ.

"ಐತಿ. ನೀ ಕೊಟ್ಟದ್ದ."

"ಹಂಗಾದ್ರ ಇದರ ಮುಂದ ನಾವು ನಿಂದ್ರೂದಿಲ್ರಿ. ಅದನ್ನ ಬಿಟ್ಟೇವಿ ಅಂತ ಫೋಟೋ ತಗಸಾಕ ಬಂದೇವಿ, ಅದ ಬೆನ್ನ ಹಿಂದ ನಿಂತರ?"

ಕಾಕಾ ನನ್ನ ಮುಖ ನೋಡಿದರು. ನಾನು, "ಮುಂದಿನ ಸಂತಿ ದಿನಾ ಬರ್ರಿ ಲಕ್ಷ್ಮಣಪ್ಪ," ಎಂದೆ. ಹಾಗೆ ಕರೆದದ್ದು ಮೊದಲ ಸಲ. ನನ್ನ ಬಾಯಿಗೇ ಹೊಸದಾಗಿತ್ತು, ಅವನಿಗೂ ಆಗಿರಬೇಕು, ಹೊರಟವನು ತಿರುಗಿ ನೋಡಿದ.

ಹೊಸ ಮಂಜರಪಾಟ ಬಟ್ಟೆ ಬಿಗಿದೆ. ಹುಣಸೆಬೀಜ ಹುರಿದು ಕೇರಿದೆ. ದೀಪದ ಮಸಿಯನ್ನು ಎಂದಿಗಿಂತ ಹೆಚ್ಚು ಬೆರೆಸಿ, ಮೋಡದ ದಿನದ ಆಕಾಶದಂಥ ಬಿಳಿ ಮಾಡಿದೆ. ಅದರ ಮುಂದೆ ಒಗೆದ ಬಿಳಿ ಸೀರೆ ಹಿಡಿದು ಎಷ್ಟು ಸಲ ನೋಡಿದೆನೋ. ಬಟ್ಟೆ ಬಿಳಿಯಾಗಿ ಎದ್ದು ಕಾಣುವವರೆಗೂ ಬಿಡಲಿಲ್ಲ. ಕೈಲಾಸಕ್ಕೂ ನಾನು ಅಷ್ಟು ಹೆದರಿರಲಿಲ್ಲ.

ಅವರು ಬಂದರು. ಲಕ್ಷ್ಮಣಪ್ಪ ಹೊಸ್ತಿಲ ಹೊರಗೆ ಒಂದು ಗಳಿಗೆ ನಿಂತ. ರೂಢಿ. ಕಾಕಾ, "ಒಳಗ ಬರ್ರಿ, ಬೆಳಕ ಹೋಗತೈತಿ," ಎಂದರು. ಬಂದ. ನೆಟ್ಟಗೆ ಪರದೆಯ ಹತ್ತಿರ ಹೋಗಿ ಅಂಗೈಯಿಂದ ಸವರಿ ನೋಡಿದ. ಕೈಗೆ ಏನೂ ಹತ್ತಲಿಲ್ಲ. ಆಮೇಲೆ ಬಗ್ಗಿ ಮೂಗನ್ನು ಬಟ್ಟೆಗೆ ತಾಗಿಸಿ ಉಸಿರೆಳೆದುಕೊಂಡ. ಚಿಕ್ಕಂದಿನಿಂದ ಆ ವಾಸನೆಯಲ್ಲೇ ಬೆಳೆದ ಮೂಗು ಅದು, ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಇನ್ನೊಂದು ಸಲ ಎಳೆದುಕೊಂಡ. ತಿರುಗಿ ನೋಡಿದಾಗ ಅವನ ಕಣ್ಣುಗಳು ತುಂಬಿದ್ದವು.

"ಬಾ," ಎಂದು ಹೆಂಡತಿಯನ್ನು ಕರೆದ. "ಏನೂ ವಾಸನಿ ಇಲ್ಲ."

ಕಸ್ತೂರವ್ವ ಮಗಳ ಕೈ ಹಿಡಿದು ಬಂದು ಅವನ ಪಕ್ಕದಲ್ಲಿ ನಿಂತಳು.